ಅಂದೇ ಹೊರಡುವವರ ಟಿಕೆಟ್

ಗಲ್ಫಿನಿಂದ ಊರಿಗೆ ಕಡಿಮೆ ದರದ ಟಿಕೆಟ್ ಸಿಗಬೇಕಾದರೆ ಏನು ಮಾಡಬೇಕೆಂದು ನಮ್ಮ ಯಾವ ಮನೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿನ ಶಾಲೆಗಳಿಗೆ ರಜೆ ಇರಬಾರದು, ಪೆರ್ನಾಲ್ ಹತ್ತಿರ ಇರಬಾರದು, ಎರಡು ತಿಂಗಳು ಮೊದಲೇ ಬುಕ್ ಮಾಡಿರಬೇಕು. ಮದುವೆಗೆ ಬರುವವರಿಗೆ ಇದು ಸರಿ. ಆದರೆ ಊರಿನಲ್ಲಿ ಉಮ್ಮ ತೀರಿಕೊಂಡರೆಂದು ನಡುರಾತ್ರಿ ಫೋನ್ ಬಂದವನು ಏನು ಮಾಡಬೇಕು? ನಮ್ಮಲ್ಲಿ ಮಯ್ಯತ್ತನ್ನು ಹೆಚ್ಚು ಹೊತ್ತು ಇಡುವ ಕ್ರಮವಿಲ್ಲ. ಅವನಿಗೆ ಬೇಕಾದದ್ದು ಅಂದೇ ಹೊರಡುವ ವಿಮಾನದ ಟಿಕೆಟ್, ಮತ್ತು ಎಲ್ಲಕ್ಕಿಂತ ದುಬಾರಿಯಾದದ್ದು ಅದೇ. ಗಲ್ಫ್ ಪ್ರಯಾಣದ ಬಗ್ಗೆ ನಮ್ಮವರು ಬರೆದದ್ದು ಬೇಕಾದಷ್ಟಿದೆ. ಪೆಟ್ಟಿ, ಅತ್ತರು, ಟೇಪ್‌ರೆಕಾರ್ಡರುಗಳ ಕತೆ ಎಲ್ಲರಿಗೂ ಗೊತ್ತು. ನಾನು ಇಲ್ಲಿ ಬರೆಯುವುದು ಅಂದೇ ಕೊಂಡು ಅಂದೇ ಹೊರಡುವ ಈ ಟಿಕೆಟಿನ ಚರಿತ್ರೆ.

ಮೊದಲು ಅಂಥ ಟಿಕೆಟೇ ಇರಲಿಲ್ಲ. ನನ್ನ ಅಜ್ಜ, ಅಂದರೆ ಉಪ್ಪನ ಉಪ್ಪ, ಬಹರೈನಿಗೆ ಹೋದದ್ದು ಹಡಗಿನಲ್ಲಿ. ಮಂಜೇಶ್ವರ ಕಡೆಯ ನಮ್ಮ ಊರಿನಿಂದ ಬೊಂಬಾಯಿಗೆ ಹೋಗಿ, ಡೋಂಗ್ರಿ ಕಡೆ ಊರವರ ಕೋಣೆಯಲ್ಲಿ ವಾರಗಟ್ಟಲೆ ಕಾದು, ಬ್ರಿಟಿಷ್ ಇಂಡಿಯಾ ಸ್ಟೀಮ್ ನೇವಿಗೇಶನ್ ಕಂಪೆನಿಯ ಹಡಗು ಹತ್ತಿದ್ದರು. ಆ ಹಡಗುಗಳು ಕರಾಚಿ, ಮಸ್ಕತ್, ದುಬೈ, ಬಹರೈನ್, ಕುವೈತ್ ಎಂದು ಒಂದೊಂದೇ ಬಂದರು ಮುಟ್ಟುತ್ತಾ ಬಸ್ರಾದವರೆಗೆ ಹೋಗುತ್ತಿದ್ದವು. ನಮ್ಮವರದ್ದು ಡೆಕ್ ಟಿಕೆಟ್, ಅಂದರೆ ಚಾಪೆ ಹಾಸಿಗೆ ಸುತ್ತಿಕೊಂಡು ಹೋಗಿ ಮೇಲಿನ ಅಟ್ಟದಲ್ಲಿ ಜಾಗ ಹಿಡಿಯುವುದು. ಇಂದಿನ ಬಜೆಟ್ ವಿಮಾನದಲ್ಲಿ ನೀರಿಗೂ ದುಡ್ಡು ಕೊಡಬೇಕೆಂದು ಗೊಣಗುವವರು ಆ ಡೆಕ್ಕಿನ ಕತೆ ಕೇಳಬೇಕು. ಆ ದಾರಿಯ ಹಡಗುಗಳಲ್ಲಿ ಒಂದಾದ 'ದಾರಾ' 1961ರ ಏಪ್ರಿಲ್ 8ರಂದು ದುಬೈ ಹತ್ತಿರ ಸ್ಫೋಟಗೊಂಡು ಹೊತ್ತಿ ಉರಿದು 238 ಮಂದಿ ಸತ್ತರು. ಆದರೂ ಜನ ಹೋಗುವುದು ನಿಲ್ಲಲಿಲ್ಲ. ಕೊನೆಯ ಹಡಗು 'ದ್ವಾರಕಾ' 1982ರವರೆಗೂ ಓಡಾಡಿತು. ಪಾಸ್‌ಪೋರ್ಟ್ ಇಲ್ಲದವರು ಲಾಂಚಿನಲ್ಲಿ ಹೋಗಿ ಖೋರ್ ಫಕ್ಕಾನಿನ ಕರೆಯಲ್ಲಿ ಈಜಿ ದಡ ಸೇರಿದ್ದೂ ಅದೇ ಕಾಲದಲ್ಲಿ. ಅವರಿಗೆ ಮರಳಿ ಬರುವ ಮಾತೇ ಇರಲಿಲ್ಲ.

ಅಜ್ಜ ಅಲ್ಲಿದ್ದಾಗ ಅವರ ಉಮ್ಮ ಒಂದು ಮಳೆಗಾಲದಲ್ಲಿ ತೀರಿಹೋದರು. ಕಾಗದ ಮುಟ್ಟಿದ್ದು ಒಂದು ತಿಂಗಳು ಕಳೆದ ಮೇಲೆ. ಅಜ್ಜ ಅಲ್ಲಿಯ ಮಸೀದಿಯಲ್ಲಿ ನಾಲ್ಕು ಮಂದಿ ಊರವರನ್ನು ಸೇರಿಸಿ ಗಾಯಿಬ್ ಮಯ್ಯತ್ ನಮಾಝ್ ಮಾಡಿದರಂತೆ, ಮರುದಿನ ಕೆಲಸಕ್ಕೆ ಹೋದರಂತೆ. ಊರಿನಲ್ಲಿ ಯಾರೂ ಅವರನ್ನು ಕಾಯಲಿಲ್ಲ, ಕಾಯಬೇಕಿತ್ತು ಎಂದು ಅವರೂ ಎಣಿಸಲಿಲ್ಲ. ಇದನ್ನು ನನಗೆ ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ.

ಆಮೇಲೆ ವಿಮಾನ ಬಂತು, ಆದರೆ ಅದು ಬೊಂಬಾಯಿಯ ವಿಮಾನ. ಬಜ್ಪೆಯಲ್ಲಿ 1951ರ ಡಿಸೆಂಬರ್ 25ರಂದೇ ನೆಹರೂ ಅವರ ವಿಮಾನ ಇಳಿದು ನಿಲ್ದಾಣ ಶುರುವಾಗಿತ್ತು ನಿಜ. ಆದರೆ ಗುಡ್ಡದ ಮೇಲಿನ ಆ ಹಳೇ ರನ್‌ವೇ 1,615 ಮೀಟರ್ ಮಾತ್ರ. ಗಲ್ಫಿಗೆ ನೇರವಾಗಿ ಹೋಗುವ ಜೆಟ್ ವಿಮಾನಕ್ಕೆ ಅದು ಸಾಲದು. ಹಾಗಾಗಿ ಸಹಾರ್ ನಿಲ್ದಾಣದಲ್ಲಿ ಇಳಿದು, ಕಸ್ಟಮ್ಸಿನವರ ಕೈಯಿಂದ ಪಾರಾಗಿ, ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಊರು ಸೇರಬೇಕಿತ್ತು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದೇ 1998ರಲ್ಲಿ. 1988ರಲ್ಲಿ ಕರಿಪುರ ನಿಲ್ದಾಣ ತೆರೆದು, ಕೆಲವು ವರ್ಷಗಳಲ್ಲಿ ಅಲ್ಲಿಂದ ಗಲ್ಫ್ ವಿಮಾನಗಳು ಬಂದ ಮೇಲೆ ಕಾಸರಗೋಡಿನವರಿಗೆ ಸ್ವಲ್ಪ ಹತ್ತಿರವಾಯಿತು.

ಆ ಕಾಲದ ಟಿಕೆಟನ್ನು ನೋಡಿದವರಿಗೆ ನೆನಪಿರಬಹುದು. ಕೆಂಪು ಕಾರ್ಬನ್ನಿನ ಸಣ್ಣ ಪುಸ್ತಕ. ಅದರಲ್ಲಿ 'ಓಕೆ' ಎಂದು ಬರೆದಿದ್ದರೆ ಸೀಟು ಇದೆ ಎಂದರ್ಥ. ಅಷ್ಟಾದರೂ ಹೊರಡುವ 72 ಗಂಟೆ ಮೊದಲು ಆಫೀಸಿಗೆ ಹೋಗಿ ಅಥವಾ ಫೋನ್ ಮಾಡಿ ಮತ್ತೆ ಖಾತ್ರಿ ಮಾಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗಬಹುದು. ಅಂದು ಬೆಲೆಯ ವಿಷಯ ಬೇರೆ ಥರ ಇತ್ತು. ಟಿಕೆಟ್ ದುಬಾರಿಯೇ, ಆದರೆ ಇಂದಿನ ಹಾಗೆ ಗಂಟೆಗೊಂದು ಬೆಲೆ ಇರಲಿಲ್ಲ. ಸಂಕಟವೆಲ್ಲ ಸೀಟು ಸಿಗುವುದರಲ್ಲಿ. ಪರಿಚಯದ ಏಜೆಂಟ್ ಕಾಕ ಒಬ್ಬರು ಇದ್ದರೆ ಅವರೇ ದೊಡ್ಡ ಆಸರೆ. ಸೀಟೂ ಹುಡುಕುತ್ತಿದ್ದರು, ಸಾಲಕ್ಕೂ ಕೊಡುತ್ತಿದ್ದರು.

ಅಜ್ಜ ತೀರಿಕೊಂಡದ್ದು 1991ರಲ್ಲಿ, ಒಂದು ಗುರುವಾರ ರಾತ್ರಿ. ಉಪ್ಪ ಆಗ ಶಾರ್ಜಾದಲ್ಲಿ. ನಮ್ಮ ಮನೆಯಿಂದ ಯಾರೋ ಪೇಟೆಗೆ ಓಡಿ, ಐಎಸ್‌ಡಿ ಬೂತಿನಿಂದ ಉಪ್ಪನ ಕೋಣೆಯ ಕೆಳಗಿನ ಕೆಫೆಟೇರಿಯಾಕ್ಕೆ ಫೋನ್ ಮಾಡಿದರು. ಮರುದಿನ ಶುಕ್ರವಾರ, ಅಲ್ಲಿ ರಜೆ. ಪಾಸ್‌ಪೋರ್ಟ್ ಇದ್ದದ್ದು ಕಂಪೆನಿಯ ಕಪಾಟಿನಲ್ಲಿ. ಕಪಾಟಿನ ಕೀ ಇದ್ದ ಮನುಷ್ಯ ಸಿಕ್ಕಿದ್ದು ಶನಿವಾರ. ಅಂದೇ ಹೊರಡುವ ಟಿಕೆಟ್ ಎಂದರೆ ಟಿಕೆಟ್ ಮಾತ್ರ ಸಾಕಾಗುವುದಿಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ಖತರಿನಲ್ಲಂತೂ 2018ರವರೆಗೆ ಹೆಚ್ಚಿನ ಕೆಲಸಗಾರರಿಗೆ ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇಕಿತ್ತು. ಸೌದಿಯವರಿಗೆ ಕಫೀಲನ ಒಪ್ಪಿಗೆ ಬೇಕಿತ್ತು. ಉಪ್ಪ ಬೊಂಬಾಯಿಗೆ ಬಂದು, ಬಸ್ಸು ಹತ್ತಿ, ಮನೆ ಮುಟ್ಟಿದ್ದು ಐದನೇ ದಿನ. ಅಜ್ಜನನ್ನು ಶುಕ್ರವಾರ ಜುಮಾ ಕಳೆದ ಕೂಡಲೇ ದಫನ್ ಮಾಡಿ ಆಗಿತ್ತು. ಆಗಲೂ ಯಾರೂ ಕಾಯಲಿಲ್ಲ. ಆದರೆ ಉಪ್ಪ ಅದನ್ನು ಅಜ್ಜನ ಹಾಗೆ ಸಮಾಧಾನದಿಂದ ತೆಗೆದುಕೊಳ್ಳಲಿಲ್ಲ. ಒಂದು ದಿನ ಮೊದಲು ಪಾಸ್‌ಪೋರ್ಟ್ ಸಿಕ್ಕಿದ್ದರೆ, ಮಂಗಳೂರಿಗೆ ನೇರ ವಿಮಾನ ಇದ್ದಿದ್ದರೆ ಎಂದು ಬಹಳ ವರ್ಷ ಲೆಕ್ಕ ಹಾಕುತ್ತಿದ್ದರು.

ಅದಕ್ಕೆ ಸ್ವಲ್ಪ ಮೊದಲು, 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ, ಏರ್ ಇಂಡಿಯಾ ಅಮ್ಮಾನಿನಿಂದ 59 ದಿನಗಳಲ್ಲಿ 488 ಹಾರಾಟ ನಡೆಸಿ 1.7 ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ನಮ್ಮವರೂ ಅದರಲ್ಲಿ ಬಂದರು. ಟಿಕೆಟ್ಟಿಗೆ ದುಡ್ಡು ಕೊಡದೆ ಊರಿಗೆ ಬಂದವರು ಅವರೇ ಇರಬೇಕು, ಆದರೆ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಉಪ್ಪ ಹೇಳುತ್ತಿದ್ದ ನೇರ ವಿಮಾನ ಬಂದದ್ದು ಮುಂದಿನ ತಲೆಮಾರಿಗೆ. 2003ರಲ್ಲಿ ಎರಡು ಕಡೆ ಎರಡು ಕಂಪೆನಿಗಳು ಶುರುವಾದವು. ಶಾರ್ಜಾದಲ್ಲಿ ಏರ್ ಅರೇಬಿಯಾ, ಬೆಂಗಳೂರಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್. ವಿಮಾನ ಸಾಮಾನ್ಯರಿಗೂ ಆಗುತ್ತದೆ ಎನ್ನುವ ಮಾತು ನಮ್ಮ ಕಡೆ ಕೇಳಿದ್ದು ಆಗ. 2005ರ ಏಪ್ರಿಲ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ತಿರುವನಂತಪುರದಿಂದ ಅಬುಧಾಬಿಗೆ ಮೊದಲ ಹಾರಾಟ ಮಾಡಿತು. ಬಜ್ಪೆಯಲ್ಲಿ 2,450 ಮೀಟರಿನ ಹೊಸ ರನ್‌ವೇ 2006ರ ಮೇ ತಿಂಗಳಲ್ಲಿ ಸಿದ್ಧವಾಯಿತು, ಅದೇ ವರ್ಷ ಅಕ್ಟೋಬರ್ 3ರಂದು ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಿತು. ಬಸ್ಸಿನಲ್ಲಿ ಬೊಂಬಾಯಿಗೆ ಹೋಗುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ, ನಾಲ್ಕು ಗಂಟೆಯೊಳಗೆ ದುಬೈ! ತಲಪಾಡಿಯ ಈಚೆಗಿನ ನಮಗೆ ವಿಮಾನ ನಿಲ್ದಾಣ ಬೇರೆ ರಾಜ್ಯದಲ್ಲಿದ್ದರೂ ಅದೇ ಹತ್ತಿರದ್ದು. 2018ರಲ್ಲಿ ಕಣ್ಣೂರು ನಿಲ್ದಾಣ ತೆರೆದ ಮೇಲೆ ಕಾಞಂಗಾಡಿನ ಕಡೆಯವರು ಅತ್ತ ಹೋದರು, ನಾವು ಬಜ್ಪೆಯನ್ನು ಬಿಡಲಿಲ್ಲ.

ಇನ್ನು ಬೆಲೆಯ ವಿಷಯ. ಒಂದೇ ವಿಮಾನದ ಸೀಟುಗಳನ್ನು ಹಲವು ದರದ ಕಟ್ಟುಗಳಾಗಿ ಮಾಡಿ, ಮೊದಲು ಬಂದವರಿಗೆ ಅಗ್ಗವಾಗಿ, ಕೊನೆಗೆ ಬಂದವರಿಗೆ ದುಬಾರಿಯಾಗಿ ಮಾರುವ ಕ್ರಮ ಅಮೆರಿಕದಲ್ಲಿ ಬೆಳೆದದ್ದು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ವಿಮಾನ ಕಂಪೆನಿಯನ್ನು ಎದುರಿಸಲು ಕಂಪ್ಯೂಟರಿನ ಲೆಕ್ಕಾಚಾರದಿಂದ ಈ ದಾರಿ ಹಿಡಿಯಿತು. ಅದರ ಹಿಂದಿನ ಯೋಚನೆ ಸರಳ. ರಜೆಗೆ ಹೋಗುವವನು ಮೊದಲೇ ಕೊಳ್ಳುತ್ತಾನೆ, ಅವನಿಗೆ ಬೆಲೆಯೇ ಮುಖ್ಯ. ಕೊನೆಯ ದಿನ ಟಿಕೆಟ್ ಕೇಳಿ ಬರುವವನು ಕೋಟು ಟೈ ಹಾಕಿದ ವ್ಯಾಪಾರಿ, ಅವನ ಖರ್ಚು ಅವನ ಕಂಪೆನಿ ಕೊಡುತ್ತದೆ, ಎಷ್ಟಾದರೂ ಕೊಳ್ಳುತ್ತಾನೆ. ಅದೇ ಲೆಕ್ಕವನ್ನು ನಮ್ಮ ಬಜೆಟ್ ವಿಮಾನಗಳೂ ತೆಗೆದುಕೊಂಡವು. ಆದರೆ ದುಬೈ–ಮಂಗಳೂರು ವಿಮಾನಕ್ಕೆ ಕೊನೆಯ ದಿನ ಟಿಕೆಟ್ ಕೇಳಿ ಬರುವವನು ಯಾರು? ಅಂಗಡಿಯಲ್ಲಿ ನಿಲ್ಲುವ ಹುಡುಗ, ಡ್ರೈವರ್, ಗಾರೆ ಕೆಲಸದವನು. ಅವನ ಉಮ್ಮ ತೀರಿಕೊಂಡಿದ್ದಾರೆ. ಅವನೂ ಎಷ್ಟಾದರೂ ಕೊಳ್ಳುತ್ತಾನೆ ಎನ್ನುವುದು ಮಾತ್ರ ನಿಜ.

ನಮ್ಮ ಅಜ್ಜಿ ತೀರಿಕೊಂಡದ್ದು 2013ರಲ್ಲಿ, ರಾತ್ರಿ ಎರಡು ಗಂಟೆಗೆ. ದುಬೈಯಲ್ಲಿ ಆಗ ಹನ್ನೆರಡೂವರೆ. ದೇರಾದಲ್ಲಿದ್ದ ಚಿಕ್ಕಪ್ಪ ಫೋನ್ ಇಡುವಷ್ಟರಲ್ಲಿ ಕೋಣೆಯವರೆಲ್ಲ ಎದ್ದಿದ್ದರು. ಒಬ್ಬ ಕಂಪ್ಯೂಟರ್ ತೆರೆದ, ಒಬ್ಬ ಕಂಪೆನಿಯ ಮ್ಯಾನೇಜರಿಗೆ ಫೋನ್ ಮಾಡಿ ಪಾಸ್‌ಪೋರ್ಟಿನ ವಿಷಯ ಮಾತಾಡಿದ. ಬೆಳಗ್ಗಿನ ಮಂಗಳೂರು ವಿಮಾನದಲ್ಲಿ ಸೀಟು ಇತ್ತು, ಬೆಲೆ ಮಾಮೂಲಿನ ಮೂರು ಪಾಲು. ಕ್ರೆಡಿಟ್ ಕಾರ್ಡ್ ಇದ್ದ ಒಬ್ಬನ ಹೆಸರಿನಲ್ಲಿ ಕೊಂಡು, ಉಳಿದವರು ಜೇಬಿನಲ್ಲಿದ್ದದ್ದನ್ನು ಅವನ ಕೈಗೆ ಹಾಕಿದರು.

ಇಲ್ಲಿ ಊರಿನಲ್ಲಿ, ನಮ್ಮ ಮನೆಯಲ್ಲಿ ಮೊದಲ ಸಲ ಒಂದು ಪ್ರಶ್ನೆ ಎದ್ದಿತು. ಕಾಯುವುದೇ, ಬೇಡವೇ? ಹಡಗಿನ ಕಾಲದಲ್ಲಿ, ಬೊಂಬಾಯಿ ಬಸ್ಸಿನ ಕಾಲದಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ವಿಮಾನ ಮಧ್ಯಾಹ್ನ ಎರಡೂವರೆಗೆ ಇಳಿಯುತ್ತದೆ, ನಾಲ್ಕೂವರೆಗೆ ಮನೆ ಮುಟ್ಟಬಹುದು. ಅಜ್ಜಿಯ ತಮ್ಮ, ವಯಸ್ಸಾದವರು, ಒಬ್ಬನ ಕಣ್ಣಿಗಾಗಿ ಮಯ್ಯತ್ತನ್ನು ಇಡುವುದು ಬೇಡ, ಳುಹರಿಗೇ ಮುಗಿಸೋಣ ಎಂದರು. ಉಪ್ಪ ಒಪ್ಪಲಿಲ್ಲ. ಹಿರಿಯರ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ದಿನ. ಕೊನೆಗೆ ಖತೀಬರು ಅಸರ್ ಕಳೆಯುವವರೆಗೆ ಎಂದು ತೀರ್ಮಾನ ಹೇಳಿದರು.

ವಿಮಾನ ಎರಡೂವರೆ ಗಂಟೆ ತಡವಾಯಿತು. ಕಾರಣ ಯಾರೂ ಹೇಳಲಿಲ್ಲ. ಅಸರ್ ಆಯಿತು, ಮತ್ತೆ ಅರ್ಧ ಗಂಟೆ ಕಾದರು, ಆಮೇಲೆ ಮಯ್ಯತ್ ಎತ್ತಿದರು. ಚಿಕ್ಕಪ್ಪ ತಲಪಾಡಿಯ ಟ್ರಾಫಿಕ್ಕಿನಲ್ಲಿ ಇದ್ದಾಗ ಇಲ್ಲಿ ಮಣ್ಣು ಹಾಕುತ್ತಿದ್ದೆವು. ಮಗ್ರಿಬಿಗೆ ಅವರು ನೇರ ಕಬರ್‌ಸ್ಥಾನಕ್ಕೇ ಬಂದರು. ಮಣ್ಣು ಇನ್ನೂ ಹಸಿಯಾಗಿತ್ತು. ಅಜ್ಜನಿಗೆ ಒಂದು ತಿಂಗಳು ತಪ್ಪಿತ್ತು, ಉಪ್ಪನಿಗೆ ನಾಲ್ಕು ದಿನ, ಚಿಕ್ಕಪ್ಪನಿಗೆ ಒಂದು ಗಂಟೆ. ಮೂವರಲ್ಲಿ ಹೆಚ್ಚು ನೊಂದವರು ಚಿಕ್ಕಪ್ಪನೇ ಎಂದು ನನಗೆ ಅನಿಸುತ್ತದೆ.

ಅದೇ ದಾರಿಯ ವಿಮಾನ 2010ರ ಮೇ 22ರ ಬೆಳಗ್ಗೆ ಬಜ್ಪೆಯ ರನ್‌ವೇ ದಾಟಿ ಕೆಳಗೆ ಬಿದ್ದದ್ದನ್ನು ಬರೆಯದೆ ಇರಲಾಗದು. 166 ಜನರಲ್ಲಿ ಉಳಿದವರು 8 ಮಂದಿ. ಕಾಸರಗೋಡಿನಿಂದ ಉಡುಪಿಯವರೆಗೆ ಆ ದಿನ ಕಬರ್ ತೋಡದ ಜಮಾಅತ್ ಕಡಿಮೆ.

ಮರಣ ಆ ಕಡೆಯೂ ಆಗುತ್ತದೆ. ಅಲ್ಲಿಂದ ಬರುವ ಮಯ್ಯತ್ತಿಗೂ ಟಿಕೆಟ್ ಬೇಕು, ಅದನ್ನು ಸರಕಿನ ಹಾಗೆ ತಕ್ಕಡಿಯಲ್ಲಿಟ್ಟು ಕಿಲೋ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದರು. ವರ್ಷಗಟ್ಟಲೆ ದೂರು ಕೊಟ್ಟ ಮೇಲೆ, 2019ರ ಜನವರಿಯಲ್ಲಿ ಏರ್ ಇಂಡಿಯಾ ಯುಎಇಯಿಂದ ತೂಕ ನೋಡದೆ ದೊಡ್ಡವರಿಗೆ 1,500 ದಿರ್ಹಮ್, ಮಕ್ಕಳಿಗೆ ಅದರ ಅರ್ಧ ಎಂದು ಒಂದೇ ದರ ಮಾಡಿತು. ಸತ್ತವರಿಗೆ ಒಂದೇ ದರ ಮಾಡಬಹುದಾದರೆ ಸತ್ತವರ ಮಗನಿಗೆ ಏಕಾಗದು ಎಂದು ಆಗಲೇ ಕೇಳಬೇಕಿತ್ತು. ಕೆನಡಾ, ಅಮೆರಿಕದ ಕೆಲವು ಕಂಪೆನಿಗಳಲ್ಲಿ ಮನೆಯವರ ಮರಣಕ್ಕೆ ಹೋಗುವವರಿಗೆ ರಿಯಾಯಿತಿ ದರ ಇದೆ.

2020ರಲ್ಲಿ ಮತ್ತೆ ಹಡಗಿನ ಕಾಲ ಬಂದ ಹಾಗಾಯಿತು. ವಿಮಾನ ನಿಂತವು. ತಲಪಾಡಿಯ ಗಡಿ ಮುಚ್ಚಿತು, ಸಣ್ಣ ದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಕಡೆಯ ರೋಗಿಗಳು ಸತ್ತರು. ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಬಂದದ್ದು ಮೇ 12ರಂದು. ಆಗ ಟಿಕೆಟ್ ಕೊಳ್ಳುವುದಕ್ಕಿಂತ ಮೊದಲು ರಾಯಭಾರ ಕಚೇರಿಯ ಪಟ್ಟಿಯಲ್ಲಿ ಹೆಸರು ಬರಬೇಕಿತ್ತು. ಕೆಎಂಸಿಸಿಯಂಥ ಸಂಘಟನೆಗಳು ವಿಮಾನವನ್ನೇ ಬಾಡಿಗೆಗೆ ಹಿಡಿದು ಜನರನ್ನು ಕಳಿಸಿದವು. ಆ ತಿಂಗಳುಗಳಲ್ಲಿ ಎಷ್ಟೋ ಮಕ್ಕಳು ವಿಡಿಯೋದಲ್ಲಿ ಮಯ್ಯತ್ ನೋಡಿ, ಅಲ್ಲಿಯೇ ಗಾಯಿಬ್ ನಮಾಝ್ ಮಾಡಿದರು, ಅಜ್ಜನ ಹಾಗೆ.

ದರದ ಮಾತು ದೆಹಲಿಗೂ ಹೋಗಿದೆ. 2024ರ ಜುಲೈಯಲ್ಲಿ ವಡಗರದ ಸಂಸದ ಶಾಫಿ ಪರಂಬಿಲ್ ಲೋಕಸಭೆಯಲ್ಲಿ ಇದಕ್ಕಾಗಿ ಖಾಸಗಿ ನಿರ್ಣಯ ತಂದರು. ಸರಕಾರದ ಉತ್ತರ ಹಳೆಯದೇ: 1994ರಲ್ಲಿ ಏರ್ ಕಾರ್ಪೊರೇಶನ್ಸ್ ಕಾಯ್ದೆ ರದ್ದಾದ ಮೇಲೆ ದರ ಕಟ್ಟುವುದು ಕಂಪೆನಿಗಳಿಗೆ ಬಿಟ್ಟದ್ದು. ಮಂಗಳೂರು ಮತ್ತು ಕಣ್ಣೂರಿಗೆ ಇನ್ನೊಂದು ತೊಡಕು ಇದೆ. ಈ ಎರಡು ನಿಲ್ದಾಣಗಳಿಗೆ ವಿದೇಶದ ಕಂಪೆನಿಗಳು ಬರಲು ಅನುಮತಿ ಕೊಟ್ಟಿಲ್ಲ. ಏರ್ ಅರೇಬಿಯಾ ಕರಿಪುರಕ್ಕೆ ಬರುತ್ತದೆ, ಬಜ್ಪೆಗೆ ಇಲ್ಲ. ಅದಕ್ಕೇ ನಮ್ಮ ಹುಡುಗರು ಅವಸರಕ್ಕೆ ಟಿಕೆಟ್ ಹುಡುಕುವಾಗ ಮಂಗಳೂರು ನೋಡಿ, ಕಣ್ಣೂರು ನೋಡಿ, ಆಮೇಲೆ ಕರಿಪುರ, ಗೋವಾ, ಬೆಂಗಳೂರು ಎಂದು ಒಂದೊಂದೇ ನೋಡುತ್ತಾ ಹೋಗುವುದು. ಕರಿಪುರದಲ್ಲಿ ಇಳಿದರೆ ಟಿಕೆಟಿನಲ್ಲಿ ಉಳಿದ ದುಡ್ಡಿಗೆ ಕಾರಿನಲ್ಲಿ ಐದಾರು ಗಂಟೆ ಕೊಡಬೇಕು. ಅಷ್ಟು ಹೊತ್ತು ಮಯ್ಯತ್ ಕಾಯುತ್ತದೆಯೇ ಎಂದು ಮೊದಲು ಊರಿಗೆ ಫೋನ್ ಮಾಡಿ ಕೇಳುತ್ತಾರೆ. ಇತ್ತ ಕೇರಳ ಸರಕಾರ ಗಲ್ಫಿಗೆ ಪ್ರಯಾಣಿಕರ ಹಡಗು ಓಡಿಸುವ ಯೋಜನೆಯ ಮಾತಾಡುತ್ತಿದೆ. ಅಜ್ಜ ಇದ್ದಿದ್ದರೆ ನಗುತ್ತಿದ್ದರು.

ಚಿಕ್ಕಪ್ಪನ ಆ ಟಿಕೆಟಿನ ಲೆಕ್ಕವನ್ನು ದೇರಾದ ಕೋಣೆಯವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದರು, ಯಾರು ಎಷ್ಟು ದಿರ್ಹಮ್ ಹಾಕಿದರೆಂದು. ಚಿಕ್ಕಪ್ಪ ಅದನ್ನು ತೀರಿಸಲು ಒಂಬತ್ತು ತಿಂಗಳು ಹಿಡಿಯಿತು. ಕೊನೆಯ ಕಂತು ಕೊಟ್ಟ ವಾರವೇ ಅದೇ ಕೋಣೆಯ ಇನ್ನೊಬ್ಬನ ಉಪ್ಪ ಊರಿನಲ್ಲಿ ತೀರಿಕೊಂಡರು. ಅದೇ ಪುಸ್ತಕದ ಮುಂದಿನ ಪುಟದಲ್ಲಿ ಮೊದಲ ಹೆಸರು ಚಿಕ್ಕಪ್ಪನದ್ದು.