ಬಣ್ಣವೋ ಬೆಳಕೋ: ಅಟಾರಿ ಲಿಂಕ್ಸ್‌ನ ಸೋಲಿನ ಮರುಪರಿಶೀಲನೆ

ಕಾರ್ಟ್ರಿಜ್ ಬದಲಿಸಿ ಬೇರೆ ಬೇರೆ ಆಟಗಳನ್ನಾಡಬಹುದಾದ ಕೈ ಹಿಡಿಕೆಯ ವಿಡಿಯೋ ಗೇಮ್ ಯಂತ್ರಗಳಲ್ಲಿ ಬಣ್ಣದ ಎಲ್‌ಸಿಡಿ ಪರದೆ ಮೊದಲು ಕಾಣಿಸಿಕೊಂಡದ್ದು 1989ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಟಾರಿ ಲಿಂಕ್ಸ್‌ನಲ್ಲಿ. ಅದೇ ವರ್ಷ ಬಂದ ನಿಂಟೆಂಡೊದ ಗೇಮ್ ಬಾಯ್ ಎದುರು ಅದು ಸೋತದ್ದಕ್ಕೆ, ಬಣ್ಣವು ಬ್ಯಾಟರಿಯನ್ನು ಬೇಗ ಬರಿದು ಮಾಡಿತೆಂಬ ಕಾರಣವನ್ನು ರೂಢಿಯಾಗಿ ಕೊಡಲಾಗುತ್ತದೆ. ಬಣ್ಣವನ್ನೂ ಬೆಳಕನ್ನೂ ಒಂದೇ ಎಂದೆಣಿಸುವ ಈ ವಿವರಣೆ ಅಪೂರ್ಣವಾದುದು.

ಲಿಂಕ್ಸ್ ಅಟಾರಿಯಲ್ಲಿ ಹುಟ್ಟಿದ ಯಂತ್ರವಲ್ಲ. ಅಮಿಗಾ ಕಂಪ್ಯೂಟರನ್ನು ರೂಪಿಸಿದ ತಂಡದಲ್ಲಿದ್ದ ಡೇವ್ ನೀಡಲ್ ಮತ್ತು ಆರ್.ಜೆ. ಮೈಕಲ್ ಅವರು ಎಪಿಕ್ಸ್ ಎಂಬ ಸಂಸ್ಥೆಗಾಗಿ ‘ಹ್ಯಾಂಡಿ’ ಹೆಸರಿನಲ್ಲಿ ಇದನ್ನು ವಿನ್ಯಾಸಗೊಳಿಸಿದ್ದರು. ಹಣದ ಮುಗ್ಗಟ್ಟಿಗೆ ಸಿಲುಕಿದ ಎಪಿಕ್ಸ್ ಅಟಾರಿಯ ಆಸರೆ ಪಡೆಯಿತು. ಪರದೆಯಲ್ಲಿ 160×102 ಚುಕ್ಕಿಗಳಿದ್ದು, ಕೆಂಪು, ಹಸಿರು, ನೀಲಿಗಳಿಗೆ ತಲಾ 16 ಮಟ್ಟಗಳಂತೆ 4096 ಬಣ್ಣಗಳಿಂದ ಒಮ್ಮೆಗೆ 16ನ್ನು ಆರಿಸಿಕೊಳ್ಳಬಹುದಿತ್ತು. ‘ಸೂಝಿ’ ಎಂಬ ಚಿಪ್ಪು ಸ್ಪ್ರೈಟ್‌ಗಳನ್ನು, ಅಂದರೆ ಪರದೆಯ ಮೇಲೆ ಚಲಿಸುವ ಚಿತ್ರಖಂಡಗಳನ್ನು, ಹಿಗ್ಗಿಸಿ ಕುಗ್ಗಿಸುವ ಕೆಲಸವನ್ನು ತಾನೇ ಮಾಡುತ್ತಿದ್ದುದರಿಂದ 8 ಬಿಟ್‌ನ ಸಾಧಾರಣ ಪ್ರೊಸೆಸರಿನ ಹೊರೆ ಇಳಿಯುತ್ತಿತ್ತು. ಯಂತ್ರವನ್ನು ತಲೆಕೆಳಗಾಗಿಸಿ ಎಡಗೈಯವರೂ ಆಡಬಹುದಾಗಿದ್ದ ಏರ್ಪಾಡಂತೂ ಇಂದಿಗೂ ಅಪರೂಪವೇ.

ಆದರೆ ಅಂದಿನ ಬಣ್ಣದ ಎಲ್‌ಸಿಡಿಯ ಶೋಧಕಗಳು ತಮ್ಮ ಮೂಲಕ ಹಾಯುವ ಬೆಳಕಿನ ಬಹುಪಾಲನ್ನು ನುಂಗುತ್ತಿದ್ದುದರಿಂದ ಪರದೆಯ ಹಿಂದೆ ಸದಾ ಉರಿಯುವ ಫ್ಲೋರೆಸೆಂಟ್ ದೀಪ ಅನಿವಾರ್ಯವಾಗಿತ್ತು. ಆರು ಬ್ಯಾಟರಿಗಳು ನಾಲ್ಕೈದು ಗಂಟೆಗಳಲ್ಲಿ ಮುಗಿಯುತ್ತಿದ್ದುದಕ್ಕೆ ಮುಖ್ಯ ಹೊಣೆ ಈ ದೀಪದ್ದು. ದೀಪವಿಲ್ಲದ, ಬೂದುಹಸಿರಿನ ನಾಲ್ಕೇ ಛಾಯೆಗಳ ಗೇಮ್ ಬಾಯ್ ನಾಲ್ಕು ಬ್ಯಾಟರಿಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬೆಲೆಯೂ ಲಿಂಕ್ಸ್‌ನ ಸುಮಾರು 180 ಡಾಲರ್‌ಗೆ ಎದುರಾಗಿ 90 ಡಾಲರ್‌ನ ಆಸುಪಾಸಿನಲ್ಲಿತ್ತು. 1990ರಲ್ಲಿ ಜಪಾನಿನಲ್ಲಿ ಬಂದ ಸೆಗಾದ ಗೇಮ್ ಗೇರ್ ಕೂಡ ಹಿಂಬೆಳಕಿನದೇ ಆಗಿದ್ದು, ಆರು ಬ್ಯಾಟರಿಗಳನ್ನು ಅದೇ ವೇಗದಲ್ಲಿ ತಿಂದಿತು.

1998ರ ಗೇಮ್ ಬಾಯ್ ಕಲರ್ ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಬಣ್ಣದ ಪರದೆ ಅಷ್ಟರಲ್ಲಿ ಸಾಧ್ಯವಾಗಿತ್ತು, ಚಿಪ್ಪುಗಳ ವಿದ್ಯುತ್ ಬಳಕೆಯೂ ತಗ್ಗಿತ್ತು. ಹಾಗಾಗಿ ಎರಡೇ ಬ್ಯಾಟರಿಗಳಲ್ಲಿ ಅದು ಹತ್ತು ಗಂಟೆಗೂ ಹೆಚ್ಚು ಕಾಲ ನಡೆಯಿತು. ಬಣ್ಣ ಉಳಿದು ದೀಪ ಹೋದಾಗ ಗೆದ್ದ ಮಾದರಿಯಿದು. ನಿಂಟೆಂಡೊ ತನ್ನ ಬಣ್ಣದ ಕೈ ಯಂತ್ರದೊಳಗೆ ದೀಪವಿಟ್ಟದ್ದು 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ, ಮರುಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿಯನ್ನೂ ಜೊತೆಗಿಟ್ಟು.