ಗೌರಮ್ಮ, ವಿಕ್ಟೋರಿಯಾ (1841–1864)

ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡು ಅರಸನನ್ನು ಕಾಶಿಗೆ ಕಳಿಸಿತು. ಆಡಳಿತ ಬೆಂಗಳೂರಿನಲ್ಲಿದ್ದ ಕಮಿಷನರ್ ಮಾರ್ಕ್ ಕಬ್ಬನ್ ಕೈಸೇರಿತು. ಕಂಪನಿಯಲ್ಲಿದ್ದ ಮನೆತನದ ಹಣಕ್ಕಾಗಿ ದಾವೆ ಹೂಡಲು 1852ರಲ್ಲಿ ಅರಸ ಮಗಳೊಡನೆ ಲಂಡನ್ನಿಗೆ ಹೋದ. ಅದೇ ವರ್ಷ ಆಕೆಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರಿಟ್ಟಳು. ತಂದೆಯ ಸಹವಾಸದಿಂದ ದೂರವಿಟ್ಟು ಹುಡುಗಿಯನ್ನು ಪಾಲಕರ ಮನೆಗಳಲ್ಲಿ ಬೆಳೆಸಲಾಯಿತು. ಆ ಒಂಟಿತನ ಕರುಳು ಹಿಂಡುವಂಥದು.

ವಿಂಟರ್‌ಹಾಲ್ಟರ್ ಬರೆದ ಚಿತ್ರದಲ್ಲಿ ಆಕೆ ಭಾರತೀಯ ಉಡುಗೆ, ಒಡವೆ ತೊಟ್ಟಿದ್ದಾಳೆ. ಮಾರೊಕೆಟ್ಟಿ ಕಡೆದ ಆಕೆಯ ಅಮೃತಶಿಲೆಯ ಪ್ರತಿಮೆಗೆ ಬಣ್ಣದ ಲೇಪವಿದೆ.

ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಆಕೆಯನ್ನು ಕೊಡಬೇಕೆಂಬ ರಾಣಿಯ ಆಸೆ ಈಡೇರಲಿಲ್ಲ. 1860ರಲ್ಲಿ ಆಕೆ ಮದುವೆಯಾದದ್ದು ತನಗಿಂತ ಸುಮಾರು 30 ವರ್ಷ ಹಿರಿಯನಾದ, ಮದರಾಸು ಸೈನ್ಯದ ಅಧಿಕಾರಿ ಜಾನ್ ಕ್ಯಾಂಪ್ಬೆಲ್‌ನನ್ನು. ರಾಜಮನೆತನಕ್ಕೆ ಬಂದ ಈ ಹೊರಗಿನ ಅಳಿಯನಿಗೆ ಹೆಂಡತಿಗಿಂತ ಅವಳ ಒಡವೆಗಳ ಮೇಲೇ ಹೆಚ್ಚು ಕಣ್ಣಿತ್ತೆಂಬ ಅನುಮಾನ ಇಂದಿಗೂ ಉಳಿದಿದೆ. 1861ರಲ್ಲಿ ಮಗಳು ಈಡಿತ್ ಹುಟ್ಟಿದಳು. 1864ರಲ್ಲಿ ಗೌರಮ್ಮ ಕ್ಷಯದಿಂದ ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಕೆಲವು ವರ್ಷಗಳಲ್ಲೇ ಕ್ಯಾಂಪ್ಬೆಲ್ ಕಣ್ಮರೆಯಾದ. ಒಡವೆಗಳೂ ಸಿಗಲಿಲ್ಲ. ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲದ ಈ ಒಗಟು ಬಿಡಿಸಲಾಗದೆ ಉಳಿದಿದೆ.

ತಂದೆಯ ಪತನವನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರರು ‘ಚಿಕವೀರರಾಜೇಂದ್ರ’ (1956) ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಮಗಳ ಬದುಕನ್ನು ಸಿ. ಪಿ. ಬೆಳ್ಳಿಯಪ್ಪ ಇಂಗ್ಲಿಷ್ ಪುಸ್ತಕವೊಂದರಲ್ಲಿ ನಿರೂಪಿಸಿದ್ದಾರೆ.