ಪಟ್ಟಣದ ಹಾಡಿಗೆ ದನದ ಗಂಟೆ, ಹಳ್ಳಿ ಹಾಡಿಗೆ ಕಾರಿನ ಹಾರ್ನು

ರೋಲಿಂಗ್ ಸ್ಟೋನ್ಸ್ ಅಂದ ಕೂಡಲೇ ನಮ್ಮ ಮುಂಬಯಿ ಕನ್ನಡಿಗರಲ್ಲಿ ಹಲವರು ಮೂಗು ಮುರಿಯುತ್ತಾರೆ. ಯಕ್ಷಗಾನ, ಭಾವಗೀತೆ ಬಿಟ್ಟು ಇದೇನು ಗದ್ದಲ ಅಂತ! ಇರಲಿ. ಅವರದೊಂದು ಹಾಡಿನ ಕತೆ ಊರು ಬಿಟ್ಟು ಬಂದ ನಮ್ಮಂಥವರು ಕೇಳುವಂಥದ್ದು.

1968ರ ಕೊನೆಗೆ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇಬ್ಬರೂ ರಜೆಗೆಂದು ಬ್ರೆಜಿಲ್‌ಗೆ ಹೋದರು. ಸಾವೊ ಪಾಲೊ ರಾಜ್ಯದ ಮತಾವ್ ಹತ್ತಿರದ ಒಂದು ತೋಟದ ಮನೆ. ಜಗಲಿಯ ಮೇಲೆ ಕೂತು, ತಾವೇ ಕೌಬಾಯ್‌ಗಳು ಅನ್ನೋ ಹುಮ್ಮಸ್ಸಿನಲ್ಲಿ, ಹ್ಯಾಂಕ್ ವಿಲಿಯಮ್ಸ್ ಧಾಟಿಯಲ್ಲಿ ಹಾಡು ಕಟ್ಟಿದರು. ಲಂಡನ್ನಿಗೆ ವಾಪಸಾದ ಮೇಲೆ ಅದಕ್ಕೆ ಎಲೆಕ್ಟ್ರಿಕ್ ಗಿಟಾರ್ ಬಂತು, ಡ್ರಮ್ಮು ಬಂತು, 'ಹಾಂಕಿ ಟಾಂಕ್ ವಿಮೆನ್' ಅಂತ ಹೆಸರೂ ಬಂತು. 1969ರ ಜುಲೈನಲ್ಲಿ ಹೊರಬಂದು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು.

ಹಳೆಯ ಹಳ್ಳಿ ರೂಪವನ್ನು ಅವರು ಬಿಸಾಡಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಬಂದ 'ಲೆಟ್ ಇಟ್ ಬ್ಲೀಡ್' ಆಲ್ಬಮ್ಮಿನಲ್ಲಿ 'ಕಂಟ್ರಿ ಹಾಂಕ್' ಅಂತ ಸೇರಿಸಿದರು. ಹಿಟ್ ಆದ ಹಾಡು ಶುರುವಾಗುವುದು ಮೆಂಫಿಸ್‌ನಲ್ಲಿ, ಇದು ಜ್ಯಾಕ್ಸನ್‌ನಲ್ಲಿ. ಪಿಟೀಲು ಬಾರಿಸಿದ್ದು ಬೈರನ್ ಬರ್ಲೈನ್. ಲಾಸ್ ಏಂಜಲಿಸ್‌ನ ಸ್ಟುಡಿಯೋದೊಳಗೆ ಬೇಡ ಅಂತ ಅವರನ್ನು ಹೊರಗೆ ಫುಟ್‌ಪಾತಿನ ಮೇಲೆ ನಿಲ್ಲಿಸಿ ರೆಕಾರ್ಡ್ ಮಾಡಿದರು! ಹಾಡಿನ ಶುರುವಿಗೇ ಕಾರಿನ ಹಾರ್ನು. ವಡಾಲದಲ್ಲಿ ಕಿಟಕಿ ತೆಗೆದಿಟ್ಟು ಕೇಳಿದರೆ ಯಾವ ಹಾರ್ನು ಅಲ್ಲಿಯದು, ಯಾವುದು ನಮ್ಮ ರಸ್ತೆಯದು ಅಂತ ಗೊತ್ತಾಗುವುದಿಲ್ಲ. ತಮಾಷೆ ನೋಡಿ, ಪಟ್ಟಣದ ರೂಪ ಶುರುವಾಗುವುದು ದನದ ಕೊರಳಗಂಟೆಯಿಂದ. ಅದನ್ನು ಬಾರಿಸಿದವರು ನಿರ್ಮಾಪಕ ಜಿಮ್ಮಿ ಮಿಲ್ಲರ್.

ಮೊದಲು ಬರೆದದ್ದು ಹೀಗೇ ಅಂತ ಕೀತ್ ಹೇಳಿದ್ದುಂಟು. ಹಾಗಾದರೆ ಇದೇ ಅಸಲಿಯೇ? ಲಂಡನ್ ಆಸುಪಾಸಿನ ಹುಡುಗರು ಬ್ರೆಜಿಲ್‌ನಲ್ಲಿ ಕೂತು ಅಮೆರಿಕದ ಹಳ್ಳಿಯವರಂತೆ ಹಾಡಿದ್ದು! ಜಾಗರ್ ಬೇಕೆಂದೇ ಮಾತು ಎಳೆಯುತ್ತಾನೆ, ಊರಿಗೆ ಹೋದಾಗ ನಾವು ಬಸ್‌ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಎಳೆಯುತ್ತೇವಲ್ಲ, ಹಾಗೆ. ಸ್ವಲ್ಪ ಅಣಕವೂ ಇದೆ. ಆದರೆ ಆ ಪಿಟೀಲಿನಲ್ಲಿ ಅಣಕವಿಲ್ಲ. ಬರ್ಲೈನ್ ಆ ಸಂಗೀತದಲ್ಲೇ ಬೆಳೆದವರು.

ನನ್ನ ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಜ್ಜಿಯಿಂದ ಕಲಿತ ಧಾರವಾಡ ಕನ್ನಡವನ್ನು ಮರಾಠಿ ರಾಗದಲ್ಲಿ ಆಡುತ್ತಾಳೆ. ಹುಬ್ಬಳ್ಳಿಯ ನೆಂಟರು ನಕ್ಕರು. ಆಮೇಲೆ ಎರಡು ವರ್ಷ ಅವಳು ಅವರೆದುರು ಹಿಂದಿಯನ್ನೇ ಆಡಿದಳು. ನಗುವ ಮೊದಲು ಈ ಹಾಡನ್ನೊಮ್ಮೆ ಅವರಿಗೆ ಕೇಳಿಸಬೇಕಿತ್ತು ಅನ್ನಿಸುತ್ತದೆ.

ಸ್ಟೋನ್ಸ್ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 7ರಂದು ನಮ್ಮ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಹಾಡಿದರು. ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ನಡೆಸಿದರು.

'ಕಂಟ್ರಿ ಹಾಂಕ್' ಬೇಕಾದವರು ಆಲ್ಬಮ್ಮಿನ ಮೊದಲ ಬದಿ ಹಾಕಿ. ಮೂರನೆಯ ಹಾಡು, ಮೂರು ನಿಮಿಷ ಚಿಲ್ಲರೆ.